ಸಹಾಯ ಬೇಕು: ಮಕ್ಕಳು ಉಳಿದುಕೊಳ್ಳದ ಕೇಂದ್ರಕ್ಕೆ ಸರ್ಕಾರದ ದುಡ್ಡು ಯಾವ ಬಾಬ್ತಿನಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ರಾಣೆಬೆನ್ನೂರಿನಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್ ಇದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳಿಗೆ ಆಪ್ತ ಸಮಾಲೋಚನೆ ಮಾಡುತ್ತೇವೆ, ಹೇಳಿಕೆ ಕೊಡುವ ದಿನ ಜೊತೆಗೆ ಕೋರ್ಟಿಗೂ ಹೋಗುತ್ತೇವೆ. ಇರುವುದು ಒಂದೇ ಕೋಣೆ. ಚಾಪೆ, ಬಣ್ಣದ ಪೆನ್ಸಿಲ್, ಒಂದು ಬಕೆಟ್ ಜೇಡಿಮಣ್ಣು. ಎಷ್ಟೋ ಮಕ್ಕಳು ಬಾಯಿ ಬಿಡುವುದೇ ಆ ಮಣ್ಣು ಕಲಸುತ್ತಾ ಕೂತಾಗ.

ಇಷ್ಟು ದಿನ ದಾನಿಗಳಿಂದ ನಡೆಯಿತು. ಈಗ ಬಾಡಿಗೆ, ಸಮಾಲೋಚಕಿಯ ಸಂಬಳ ಎರಡೂ ಕಷ್ಟ.

ಮಕ್ಕಳ ರಕ್ಷಣೆಗೆ ಇರುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಕೇಂದ್ರ ಸರ್ಕಾರ ಶೇ. 60, ರಾಜ್ಯ ಶೇ. 40ರ ಪಾಲು ಕೊಡುತ್ತದಲ್ಲ ಅಂತ ಅರ್ಜಿ ಹಾಕಿದೆವು. ಬಾಲನ್ಯಾಯ ಕಾಯ್ದೆ 2015ರ 41ನೇ ಕಲಂ ನೋಂದಣಿ ಕೇಳಿದರು. ಅದು ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆಗಳಿಗೆ. ನಮ್ಮಲ್ಲಿ ಮಕ್ಕಳು ಅವ್ವನ ಜೊತೆ ಬಂದು ಸಂಜೆ ಮನೆಗೆ ಹೋಗುತ್ತಾರೆ. ಅನುದಾನಕ್ಕೋಸ್ಕರ ಸುಮ್ನೆ ನಾಲ್ಕು ಮಂಚ ಹಾಕಿಸಲು ಮನಸ್ಸಿಲ್ಲ. ಮನೆ ಇರುವ ಮಗುವನ್ನು ಯಾಕೆ ಮನೆಯಿಂದ ಹೊರಗಿಡಬೇಕು, ಅಲ್ವಾ?

ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳಲ್ಲಿ, ಕೇಸಿನುದ್ದಕ್ಕೂ ಮಗುವಿನ ಜೊತೆ ನಿಲ್ಲುವ ಬೆಂಬಲ ವ್ಯಕ್ತಿಗೆ ಸಂಭಾವನೆ ಇದೆ. ಮಗುವಿನ ಊಟ, ಬಟ್ಟೆ, ಓಡಾಟಕ್ಕೆ ವಿಶೇಷ ಪರಿಹಾರವೂ ಇದೆ. ಆದರೆ ಅದರಿಂದ ಕೋಣೆಯ ಬಾಡಿಗೆ ಕಟ್ಟಲಾಗದು. ವಿಚಾರಿಸಿದರೆ ಒಂದು ಕಚೇರಿಯವರು ಇನ್ನೊಂದರ ಕಡೆ ಕೈ ತೋರಿಸುತ್ತಾರೆ.

ಉತ್ತರಿಸುವಾಗ ದಯವಿಟ್ಟು ಯಾವ ಮಗುವಿನ ಹೆಸರು, ಊರು, ಕೇಸಿನ ವಿವರ ಬರೆಯಬೇಡಿ.

ಕೇಳಬೇಕಾದ್ದು ಇಷ್ಟೇ. ಧಾರವಾಡ, ಗದಗ, ಹಾವೇರಿ ಕಡೆ ವಸತಿ ಇಲ್ಲದ ಇಂಥ ಕೇಂದ್ರಕ್ಕೆ ಬಾಲನ್ಯಾಯ ಕಾಯ್ದೆಯ 105ನೇ ಕಲಮಿನಲ್ಲಿ ಹೇಳಿರುವ ಬಾಲನ್ಯಾಯ ನಿಧಿಯಿಂದಲೋ ಬೇರೆ ಬಾಬ್ತಿನಿಂದಲೋ ಬಾಡಿಗೆ, ಸಂಬಳ ಪಡೆದವರು ಇದ್ದೀರಾ? ಅರ್ಜಿ ಯಾರ ಹೆಸರಿಗೆ ಬರೆದಿರಿ, ಯಾವ ಯಾವ ಕಾಗದ ಹಚ್ಚಿದಿರಿ?