ಕಂಟ್ರೋಲರ್, ಕೀಬೋರ್ಡ್, ಡ್ರೈವರ್ ತಕರಾರು: ಇವತ್ತ ಸಂಜಿಕೆ ಕೇಳ್ರಿ

ರಿಪೇರಿ ಸರ್ (ವಿಜಯಪುರ): ಅಂಗಡಿ ಲಗೂ ಮುಚ್ಚೇನಿ. ಏನ್ ಕೇಳೂದಿದ್ರೂ ಇಲ್ಲೇ ಗ್ರೂಪಿನಾಗ ಕೇಳ್ರಿ, ಇನ್‌ಬಾಕ್ಸಿಗೆ ಬರಬ್ಯಾಡ್ರಿ. ವಿಂಡೋಸ್ 10 ಏನ್ 11, ಯಾವ ಗೇಮ್ ಕಂಟ್ರೋಲರ್, ವಾಯರೋ ಬ್ಲೂಟೂತೋ ಬರೀರಿ. "ಸರ್ ವರ್ಕ್ ಆಗವಲ್ದು" ಅಂತ ಒಂದ ಸಾಲ ಒಗದ್ರ ನನಗೇನ್ ಕನಸ ಬೀಳ್ತೈತೇನು.

ನವನಗರ ಗೇಮರ್: ವಿಂಡೋಸ್ 11, ಪಿಎಸ್4 ಕಂಟ್ರೋಲರ್, ವಾಯರ್, ಪಿಎಸ್ ಕಂಟ್ರೋಲರ್ ಪಿಸಿಯಾಗ ನಡಸೂ ಡಿಎಸ್4ವಿಂಡೋಸ್ ಸಾಫ್ಟ್‌ವೇರ್ ಹಾಕೇನಿ. ಮೆನುದಾಗ ಒಮ್ಮೆ ಒತ್ತಿದ್ರ ಎರಡ ಸಲ ಜಿಗೀತೈತ್ರಿ.

ರಿಪೇರಿ ಸರ್: ಗೇಮಿಗೆ ಎರಡು ಕಂಟ್ರೋಲರ್ ಕಾಣಾಕತ್ತಾವ. ಒಂದು ನಿಮ್ಮ ಕೈಯಾಗಿಂದು, ಇನ್ನೊಂದು ಡಿಎಸ್4ವಿಂಡೋಸ್ ಹುಟ್ಟಿಸಿದ ಸುಳ್ಳ ಎಕ್ಸ್‌ಬಾಕ್ಸ್ 360 ಕಂಟ್ರೋಲರ್. ಹಿಡ್‌ಹೈಡ್ ಅನ್ನೂ ಸಾಫ್ಟ್‌ವೇರ್ ಹಾಕಿ ಅಸಲಿದನ್ನ ಮುಚ್ಚಿಡ್ರಿ, ಡಿಎಸ್4ವಿಂಡೋಸ್‌ಗೆ ಅಷ್ಟ ಕಾಣೂವಂಗ ಮಾಡ್ರಿ. ಗೇಮ್ ಸ್ಟೀಮ್ ಆ್ಯಪಿನಾಗ ಇದ್ರ ಅದರದ ಕಂಟ್ರೋಲರ್ ಸೆಟ್ಟಿಂಗ್ ಸ್ಟೀಮ್ ಇನ್‌ಪುಟ್ ಇಲ್ಲಾ ಡಿಎಸ್4ವಿಂಡೋಸ್, ಒಂದ ಇಟ್ಕೋರಿ.

ಜಮಖಂಡಿ ಹುಡುಗ: ಸರ್ ನಂದೂ ಎರಡೆರಡ ಸಲ ಒತ್ತತೈತಿ, ಪಿಎಸ್5 ಕಂಟ್ರೋಲರ್.

ರಿಪೇರಿ ಸರ್: ಮ್ಯಾಲಿನ ಉತ್ತರ ಓದ್ರಿ.

ಇಳಕಲ್ ರೇಸರ್: ಸ್ಟೀರಿಂಗ್ ವ್ಹೀಲ್ ಜೋಡಿ ಕಂಟ್ರೋಲರ್ ಹಚ್ಚಿದ್ರ ಫೋರ್ಸ್ ಫೀಡ್‌ಬ್ಯಾಕ್ (ವ್ಹೀಲ್ ಕೈಗೆ ಕೊಡೂ ಎಳತ) ಹೋಗಿಬಿಡ್ತೈತಿ ಯಾಕ್ರಿ?

ಗಾಂಧಿ ಚೌಕ ಡಿಟಿಪಿ: ಸರ್ ನಂದು ಬ್ಯಾರೆ ಕತಿ. ವಿಂಡೋಸ್ 10. ನುಡಿ ಸಾಫ್ಟ್‌ವೇರಿನೊಳಗ ಅರ್ಜಿ ಟೈಪ್ ಮಾಡ್ತಿರ್ತೇನಿ, ನಡುವ ಕೀಬೋರ್ಡ್ ಸತ್ತ ಹೋಗ್ತೈತಿ, ಕ್ಯಾಪ್ಸ್ ಲಾಕ್ ಲೈಟನೂ ಹತ್ತೂದಿಲ್ಲ, ಆದ್ರ ಮೌಸ್ ಓಡ್ತೈತಿ. ರೀಸ್ಟಾರ್ಟ್ ಮಾಡಿದ್ರ ಸರಿ. ಹೊಸ ಕೀಬೋರ್ಡ್ ತಂದೆ, ಅದೂ ಹಂಗ. ಮಗಾ ರಾತ್ರಿ ಇದರಾಗ ಆಡ್ತಾನ, ಅಗ್ಗದ ವಾಯರ್‌ಲೆಸ್ ಕಂಟ್ರೋಲರ್, ಕೀ ಬದಲಿ ಮಾಡೂ ಯಾವುದೋ ಸಾಫ್ಟ್‌ವೇರ್ ಹಾಕ್ಯಾನ. ಕಂಟ್ರೋಲರಿನ ಯುಎಸ್‌ಬಿ ಡಾಂಗಲ್, ಕೀಬೋರ್ಡ್ ಎರಡೂ ಒಂದ ಯುಎಸ್‌ಬಿ ಹಬ್‌ಗೆ.

ರಿಪೇರಿ ಸರ್: ಮೌಸ್ ಉಳದು ಕೀಬೋರ್ಡ್ ಅಷ್ಟ ಸಾಯೂದು, ರೀಸ್ಟಾರ್ಟಿಗೆ ಬದುಕೂದು, ಇದು ಕೀಬೋರ್ಡಿನ ತಪ್ಪಲ್ಲ, ದುಡ್ಡ ಹಾಕಬ್ಯಾಡ್ರಿ. ಡಿವೈಸ್ ಮ್ಯಾನೇಜರ್ ತಗೀರಿ, ಕೀಬೋರ್ಡಿನ ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, ಡ್ರೈವರ್ ಡೀಟೇಲ್ಸ್. ಅಲ್ಲಿ ಕೆಬಿಡಿಕ್ಲಾಸ್, ಕೆಬಿಡಿಹಿಡ್ ಇರಬೇಕು, ಅವು ವಿಂಡೋಸ್‌ದವು. ಅವರ ಜೋಡಿ "ಕೀಬೋರ್ಡ್ ಡಾಟ್ ಸಿಸ್" ಅಂತ ಒಂದಿದ್ರ ಅದು ಇಂಟರ್‌ಸೆಪ್ಷನ್ ಅನ್ನೂ ಫಿಲ್ಟರ್ ಡ್ರೈವರ್, ಅಂದ್ರ ಕೀಬೋರ್ಡ್, ವಿಂಡೋಸ್ ನಡುವ ಕುಂತು ಕೀ ಹಿಡಿಯೂವಂಥಾದ್ದು, ಕೀ ಬದಲಿ ಮಾಡೂ ಕೆಲವು ಸಾಫ್ಟ್‌ವೇರ್ ಅದನ್ನ ಹಾಕಸ್ತಾವ. ಅದರಾಗ ಕೀಬೋರ್ಡಿಗೆ 10 ಜಾಗ, ಮೌಸಿಗೆ 10 ಜಾಗ ಅಷ್ಟ. ಕಿತ್ತ ಹಚ್ಚಿದ್ರ ಹಳೇ ಜಾಗ ಖಾಲಿ ಆಗೂದಿಲ್ಲ, ಹೊಸಾದ ಹಿಡೀತೈತಿ. 10 ಸೀಟಿನ ಟಂಟಂದಾಗ ಇಳದವರು ಸೀಟಿಗೆ ಟಾವೆಲ್ ಹಾಕಿ ಹ್ವಾದಂಗ. ಅಗ್ಗದ ಡಾಂಗಲ್ ಕೆಲವು ಗೇಮ್‌ಪ್ಯಾಡ್ ಜೋಡಿ ಕೀಬೋರ್ಡ್ ಅಂತನೂ ಹೆಸರ ಹೇಳತಾವ. ನಿಮ್ಮ ಹಬ್ ಸಡಲ ಇದ್ರ ಒಮ್ಮೆ ಮಿಣಕ್ ಅಂದ್ರ ಎರಡು ಜಾಗ ಹೋತು, ನಾಕೈದ ಸಲಕ್ಕ ಭರ್ತಿ, ಆಮ್ಯಾಲೆ ಕೀಬೋರ್ಡಿಗೆ ಜಾಗ ಇಲ್ಲ. ಕೆಲಸದ ನಡುವ "ಟಡಂಗ್" ಅಂತ ಯುಎಸ್‌ಬಿ ಸಪ್ಪಳ ಬರ್ತೈತೇನು ನೋಡ್ರಿ. ಕೀಬೋರ್ಡ್ ಡಾಟ್ ಸಿಸ್ ಫೈಲ್ ಮಾತ್ರ ಕೈಲೆ ಡಿಲೀಟ್ ಮಾಡಬ್ಯಾಡ್ರಿ.

ಆಲಮಟ್ಟಿ ಅಣ್ಣ: ಇದಕ್ಕ ಸೋಪಾ ಉಪಾಯ ಐತಿ, ಫಾರ್ವರ್ಡ್ ಬಂದಿತ್ತು: "ರೆಜ್‌ಎಡಿಟ್ (ವಿಂಡೋಸ್ ರಿಜಿಸ್ಟ್ರಿ ತಿದ್ದೂದು) ತಗದು ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಎರಡೂ ಡಿಲೀಟ್ ಮಾಡ್ರಿ, 100% ಗ್ಯಾರಂಟಿ, ಎಲ್ಲಾ ಗ್ರೂಪಿಗೂ ಕಳಸ್ರಿ."

ರಿಪೇರಿ ಸರ್: ಯಾರೂ ಮಾಡಬ್ಯಾಡ್ರಿ. ಅದು ಸಿಡಿ ಡ್ರೈವ್ ಕಾಣದಿದ್ದಾಗ ಮಾಡೂ ಹಳೇ ಮದ್ದು. ಕೀಬೋರ್ಡಿನ ಅಪ್ಪರ್‌ಫಿಲ್ಟರ್ಸ್‌ನಾಗ ಕೆಬಿಡಿಕ್ಲಾಸ್ ಇರ್ತೈತಿ, ಅದನ್ನ ಅಳಸಿದ್ರ ಯಾವ ಕೀಬೋರ್ಡೂ ನಡಿಯೂದಿಲ್ಲ, ಕೀ ಒತ್ತಿ ಪಿನ್ ಹೊಡಿಯಾಕನೂ ಬರೂದಿಲ್ಲ.

ಆಲಮಟ್ಟಿ ಅಣ್ಣ: ನಮ್ಮ ಗೆಳ್ಯಾಂದು ಸರಿ ಆಗೇತಿ.

ರಿಪೇರಿ ಸರ್: ಸಿಡಿ ಡ್ರೈವ್ ಸರಿ ಆಗಿರಬೇಕು.

ಮುದ್ದೇಬಿಹಾಳ ಮಂದಿ: ಅಂಗಡಿ ಪಿಸಿ ಮ್ಯಾಲೆ ಗೇಮ್ ಯಾಕ ಆಡಸ್ತೀರಿ? ಗಿರಾಕಿ ಕಾಗದ ಇರ್ತಾವ ಅದರಾಗ.

ಗಾಂಧಿ ಚೌಕ ಡಿಟಿಪಿ: ಇನ್ನೊಂದು ಪಿಸಿ ನೀವ ಕೊಡಸ್ರಿ ಹಂಗಾರ.

ಮುದ್ದೇಬಿಹಾಳ ಮಂದಿ: ಮಗನ್ನ ಓದಾಕ ಹಚ್ಚೂದ ಬಿಟ್ಟು...

ನವನಗರ ಗೇಮರ್: ಆಡಿದ್ರ ಓದೂದಿಲ್ಲ ಅಂತ ಯಾರ ಹೇಳಿದ್ರಿ? ಒರಿಜಿನಲ್ ಕಂಟ್ರೋಲರ್ ಕೊಡಸಿದ್ರ ಇದೆಲ್ಲಾ ಬರ್ತಿದ್ದಿಲ್ಲ.

ಜಮಖಂಡಿ ಹುಡುಗ: ಒರಿಜಿನಲ್ ರೇಟ್ ನೋಡೀರೇನು? ಎಲ್ಲಾರ ಮನ್ಯಾಗೂ ರೊಕ್ಕದ ಗಿಡಾ ಇಲ್ಲ.

ರಿಪೇರಿ ಸರ್: ಜಗಳ ಹೊರಗ ಮಾಡ್ರಿ.

ಸಿಂದಗಿ: ಗೇಮಿನಾಗ ಕ್ಯಾಮೆರಾ ತಾನ ತಿರಗತೈತಿ, ಕಂಟ್ರೋಲರ್ ಕಿತ್ತಿಟ್ರೂ.

ರಿಪೇರಿ ಸರ್: ಕಿತ್ತರೂ ತಿರಗಿದ್ರ ಸ್ಟಿಕ್ ಡ್ರಿಫ್ಟ್ (ಕಂಟ್ರೋಲರಿನ ಸ್ಟಿಕ್ ಸವದು ತಾನ ಸರಿಯೂದು) ಅಲ್ಲ. ವಿಂಡೋಸ್ ಕೀ, ಆರ್ ಒತ್ತಿ "ಜಾಯ್ ಡಾಟ್ ಸಿಪಿಎಲ್" ಹೊಡೀರಿ. ಇನ್ನೂ ಏನರ ಕಾಣತೈತೇನು? ಹಳೇ ವಿಜಾಯ್ (ಸಾಫ್ಟ್‌ವೇರಿನ ಸುಳ್ಳ ಜಾಯ್‌ಸ್ಟಿಕ್), ಪೆಡಲ್ ಇದ್ದೀತು, ಅದನ್ನ ತಗೀರಿ.

ತಾಳಿಕೋಟಿ: ವಿಂಡೋಸ್ 11ನಾಗ ಮೆಮೊರಿ ಇಂಟೆಗ್ರಿಟಿ ಅನ್ನೂ ಸುರಕ್ಷಾ ಸೆಟ್ಟಿಂಗ್ ಆನ್ ಆಗವಲ್ದು, ಪಿಎಸ್ ಕಂಟ್ರೋಲರಿಗೆ ಹಾಕಿದ್ದ ಹಳೇ ಎಸ್‌ಸಿಪಿ ಡ್ರೈವರ್ ಹೆಸರ ತೋರಸ್ತೈತಿ. ಡ್ರೈವರ್ ಅಪ್‌ಡೇಟರ್ ಸಾಫ್ಟ್‌ವೇರ್ ಹಾಕ್ಲ್ಯಾ? ರೊಕ್ಕ ಕೇಳಾಕತ್ತೈತಿ.

ರಿಪೇರಿ ಸರ್: ರೊಕ್ಕ ಕೇಳೂದ ಅದರ ಕೆಲಸ, ಹಾಕಬ್ಯಾಡ್ರಿ. ಎಸ್‌ಸಿಪಿ ತಗದು ಹಾಕ್ರಿ, ಈಗ ಬೇಕಾಗಿಲ್ಲ.

ಆಲಮಟ್ಟಿ ಅಣ್ಣ: ಆ್ಯಂಟಿವೈರಸ್ ಬಂದ್ ಮಾಡಿ ಡ್ರೈವರ್ ಪ್ಯಾಕ್ ಜಿಪ್ ಹಾಕಿದ್ರ ಎಲ್ಲಾ ಒಮ್ಮೆ ಸರಿ ಆಗ್ತೈತಂತ, ಲಿಂಕ್ ಕಳಸ್ಲೇನು?

ರಿಪೇರಿ ಸರ್: ಲಿಂಕ್ ಹಾಕಿದ್ರ ಗ್ರೂಪಿನಿಂದ ತಗದು ಹಾಕ್ತೇನಿ. ಹೇಳೂದ ಇಷ್ಟ.

ಗಾಂಧಿ ಚೌಕ ಡಿಟಿಪಿ: ಸರ್, ಕೀಬೋರ್ಡ್ ಡಾಟ್ ಸಿಸ್ ಐತ್ರಿ! ಟಡಂಗ್ ಸಪ್ಪಳಾನೂ ಬರ್ತೈತಿ, ಹಬ್ ಮುಟ್ಟಿದ್ರ ಸಾಕು. ಈಗೇನ್ ಮಾಡ್ಲಿ?

ರಿಪೇರಿ ಸರ್: ಹಂಗಾರ ಅದ. ಮಗನ್ನ ಕರೀರಿ, ಅಂವಾ ಇಳಸಿದ ಇಂಟರ್‌ಸೆಪ್ಷನ್ ಫೋಲ್ಡರ್ ಹುಡುಕ್ರಿ. ಕಮಾಂಡ್ ಪ್ರಾಂಪ್ಟ್ ಅಡ್ಮಿನ್ ಆಗಿ ತಗದು, ಅದರ ಇನ್‌ಸ್ಟಾಲರ್ ಹೆಸರ ಹೊಡದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಅನ್‌ಇನ್‌ಸ್ಟಾಲ್ ಹಾಕಿ ಓಡಸ್ರಿ, ಆಮ್ಯಾಲೆ ರೀಸ್ಟಾರ್ಟ್. ನಡುವ ಕೀಬೋರ್ಡ್ ಸತ್ರ ಸ್ಕ್ರೀನ್ ಮ್ಯಾಲಿನ ಕೀಬೋರ್ಡ್ ಮೌಸ್‌ಲೆ ಒತ್ರಿ, ಲಾಗಿನ್ ಸ್ಕ್ರೀನಿನಾಗೂ ಮೂಲ್ಯಾಗ ಐತಿ. ಕೀಬೋರ್ಡನ್ನ ಹಬ್ ಬಿಟ್ಟು ನೇರ ಪಿಸಿಗೆ ಹಚ್ರಿ.

ಗಾಂಧಿ ಚೌಕ ಡಿಟಿಪಿ: ಆತ್ರಿ, ಕೀಬೋರ್ಡ್ ಡಾಟ್ ಸಿಸ್ ಹ್ವಾತು. ಆದ್ರ ಮಗನ ಬಟನ್ ಸೆಟ್ಟಿಂಗೂ ಹ್ವಾದವಂತ, ಸಿಟ್ಟಾಗ್ಯಾನ.

ರಿಪೇರಿ ಸರ್: ಸ್ಟೀಮ್ ಇನ್‌ಪುಟ್‌ನಾಗ ಬಟನ್ನಿಗೆ ಕೀ ಕೂಡಸಾಕ ಬರ್ತೈತಿ, ಅದಕ್ಕ ಇಂಥಾ ಡ್ರೈವರ್ ಬ್ಯಾಡ. ಹಬ್ ಬದಲಿ ಮಾಡ್ರಿ.

ಇಳಕಲ್ ರೇಸರ್: ಸರ್ ನನ್ನ ವ್ಹೀಲ್?

ಬಬಲೇಶ್ವರ: ಸರ್ ಕಂಟ್ರೋಲರ್ ಒಮ್ಮೆ ಒತ್ತಿದ್ರ ಎರಡ ಸಲ ಹೋಗ್ತೈತಿ, ಏನ್ ಮಾಡೂದ್ರಿ?

ರಿಪೇರಿ ಸರ್: ಮ್ಯಾಲೆ ಐತಿ, ಮ್ಯಾಲೆ ಐತಿ, ಮ್ಯಾಲೆ ಐತಿ. ಊಟಕ್ಕ ಹೊಂಟೆ.