ಪ್ರೊಜೆಕ್ಟರ್ ಹಾಕಿದ ಕೂಡಲೇ ಕ್ಲಾಸು ಸುಮ್ಮನಾಗುತ್ತದೆ, ನೀವೆಲ್ಲ ಏನು ಮಾಡ್ತೀರಿ?

ಬದಿಯಡ್ಕದ ಗಣಿತ ಟೀಚರ್

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಸರಕಾರದ ಹೈಟೆಕ್ ಶಾಲೆ ಯೋಜನೆಯಲ್ಲಿ ಬಂದ ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲ ಇದೆ. ಸಾಮಾನಿಗೆ ಕೊರತೆ ಇಲ್ಲ.

ತೊಂದರೆ ಬೇರೆ. ಬೋರ್ಡಿನಲ್ಲಿ ಲೆಕ್ಕ ಮಾಡುವಾಗ ಮಕ್ಕಳು ಗಲಾಟೆ ಮಾಡ್ತಾರೆ, ನಡುವೆ ಬಾಯಿ ಹಾಕ್ತಾರೆ, ನಾನು ತಪ್ಪು ಬರೆದರೆ ಖುಷಿಯಿಂದ ಕೂಗ್ತಾರೆ. ಅದೇ ವಿಡಿಯೋ ಹಾಕಿದೆನೋ, ಎಲ್ಲರೂ ಕೈಕಟ್ಟಿ ಕೂರ್ತಾರೆ. ಹೊರಗಿನಿಂದ ನೋಡಿದವರಿಗೆ ಎಂಥ ಶಿಸ್ತು ಅನಿಸಬೇಕು. ಮುಗಿದ ಮೇಲೆ ಕೇಳಿದರೆ ಹಿನ್ನೆಲೆ ಸಂಗೀತ ನೆನಪಿದೆ, ಲೆಕ್ಕ ನೆನಪಿಲ್ಲ!

ಇನ್ನೊಂದು, ಒಳ್ಳೆಯ ವಿಡಿಯೋಗಳು ಹೆಚ್ಚಿನವು ಮಲಯಾಳದಲ್ಲಿ. ನಮ್ಮ ಮಕ್ಕಳಿಗೆ ಮಲಯಾಳ ಬರುವುದಿಲ್ಲ ಅಂತಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ ಧಾರಾಳ ಮಾತಾಡ್ತಾರೆ. ಆದರೆ ಜ್ಯಾಮಿತಿ ಅವರು ಓದಿದ್ದು ಕನ್ನಡದಲ್ಲಿ. ನಿಲ್ಲಿಸಿ ನಿಲ್ಲಿಸಿ ನಾನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಪೀರಿಯಡ್ ಮುಗಿಯುತ್ತದೆ. 2020ರಲ್ಲಿ ಕೊರೊನಾ ಸಮಯದ ಟಿವಿ ಪಾಠ ಫಸ್ಟ್ ಬೆಲ್ ಶುರುವಾದ ಮೇಲೆ ಕನ್ನಡದ ಪಾಠಗಳೂ ಬಂದವು, ನಿಜ. ಆದರೆ 2025ರಲ್ಲಿ ಹತ್ತನೆಯ ಪುಸ್ತಕವೇ ಬದಲಾಯಿತಲ್ಲ, ಆ ಹಳೆಯ ಪಾಠಗಳು ಈಗ ಸರಿಯಾಗಿ ಹೊಂದುವುದಿಲ್ಲ.

ಈಗ ವೃತ್ತ ಮತ್ತು ಕೋನದ ಪಾಠ ಬರ್ತಾ ಇದೆ. ಪ್ರೊಜೆಕ್ಟರ್ ಹಾಕಿಯೂ ಮಕ್ಕಳ ಬಾಯಿ ಮುಚ್ಚದ ಹಾಗೆ ಮಾಡುವುದು ಹೇಗೆ?

ಮಂಜೇಶ್ವರದ ನಿವೃತ್ತ ಮಾಸ್ಟ್ರು

ಟೀಚರ್, ವಿಡಿಯೋ ಬಿಟ್ಟುಬಿಡಿ. ಅದರಲ್ಲಿ ಮಕ್ಕಳಿಗೆ ಮಾಡಲಿಕ್ಕೆ ಏನೂ ಇಲ್ಲ, ಮತ್ತೆ ಸುಮ್ನೆ ಕೂರದೆ ಏನು ಮಾಡ್ತಾರೆ? ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕೈಟ್‌ನವರ ಲಿನಕ್ಸ್ (ಕೇರಳ ಸರಕಾರದ ಸಂಸ್ಥೆ ಶಾಲೆಗಳಿಗೆ ಕೊಟ್ಟ ಸಾಫ್ಟ್‌ವೇರ್) ಇದ್ದರೆ ಜಿಯೋಜೀಬ್ರಾ, ಅಂದರೆ ಜ್ಯಾಮಿತಿಯ ಚಿತ್ರ ಎಳೆದು ಆಡಿಸುವ ಪ್ರೋಗ್ರಾಂ, ಅದರಲ್ಲೇ ಇರ್ತದೆ. ನೆಟ್ ಬೇಡ, ಮಲಯಾಳ ಕನ್ನಡದ ತಕರಾರೂ ಇಲ್ಲ.

ಅರ್ಧವೃತ್ತದ ಕೋನ ನಾನು ಕಲಿಸುತ್ತಿದ್ದದ್ದು ಹೀಗೆ. ವೃತ್ತ ಎಳೆಯಲೇ ಬೇಡಿ. ಎ, ಬಿ ಎರಡು ಬಿಂದು ಇಟ್ಟು ಗೆರೆ ಎಳೆಯಿರಿ. ಸಿ ಅನ್ನುವ ಬಿಂದುವನ್ನು ಎಲ್ಲಾದರೂ ಇಡಿ. ಸಿಯಿಂದ ಎಗೂ ಬಿಗೂ ಗೆರೆ, ಸಿಯಲ್ಲಿ ಕೋನದ ಅಳತೆ ಕಾಣಬೇಕು. ಅಷ್ಟೇ. ಈಗ ಒಬ್ಬಳನ್ನು ಕರೆದು, 'ಸಿಯನ್ನು ಎಳೆದುಕೊಂಡು ಹೋಗು, ಕೋನ 90 ಆದಾಗ ನಿಲ್ಲಿಸು' ಅನ್ನಿ. ಆ ಜಾಗದಲ್ಲಿ ಹೊಸ ಬಿಂದು ಒಂದು ಇಡಿಸಿ. ಮುಂದಿನವನಿಗೆ 'ಬೇರೆ ಜಾಗದಲ್ಲಿ 90 ಮಾಡು' ಅನ್ನಿ. ಮೌಸ್ ಮುಟ್ಟುವ ಮೊದಲು ಉಳಿದವರು 'ಅಲ್ಲಿ ಬರ್ತದೆ, ಇಲ್ಲಿ ಬರ್ತದೆ' ಅಂತ ಹೇಳಲಿ. ಕೂಗಿದರೂ ಅಡ್ಡಿಯಿಲ್ಲ. ಏಳೆಂಟು ಬಿಂದು ಬಿದ್ದ ಮೇಲೆ ಯಾರಾದರೂ ಒಬ್ಬ ಹೇಳಿಯೇ ಹೇಳ್ತಾನೆ, 'ಇದು ಉರುಟು ಆಗ್ತಾ ಉಂಟು' ಅಂತ. ಆಗ ಎಬಿಯ ಮಧ್ಯಬಿಂದುವನ್ನು ಕೇಂದ್ರ ಮಾಡಿ ವೃತ್ತ ಎಳೆಯಿರಿ. ಅವರು ಇಟ್ಟ ಬಿಂದುಗಳ ಮೇಲೆಯೇ ಹಾದುಹೋಗ್ತದೆ. ಸಿಯನ್ನು ಒಳಗೆ ತಂದರೆ ಕೋನ 90ಕ್ಕಿಂತ ಜಾಸ್ತಿ, ಹೊರಗೆ ಒಯ್ದರೆ ಕಡಿಮೆ. ಅದನ್ನು ನೀವು ಹೇಳಬೇಕಾಗಿಲ್ಲ, ಅವರೇ ಎಳೆದು ನೋಡ್ತಾರೆ. ಯಾಕೆ ಹಾಗೆ ಅಂತ ಸಾಧಿಸುವುದು ಮಾತ್ರ ಬೋರ್ಡಿನಲ್ಲೇ ಆಗಲಿ.

ಎರಡು ಕಡೆ ಕೈಕೊಡ್ತದೆ, ಮೊದಲೇ ಸರಿಮಾಡಿ ಇಡಿ. ಸಿ ಗೆರೆಯ ಆಚೆ ಬದಿಗೆ ಹೋದರೆ 90ರ ಬದಲು 270 ತೋರಿಸ್ತದೆ. ಕೋನದ ಪ್ರಾಪರ್ಟೀಸ್‌ನಲ್ಲಿ 0ಯಿಂದ 180ರ ನಡುವೆ ಅಂತ ಆರಿಸಿ. ಮತ್ತೆ, ದಶಮಾಂಶ ಎರಡು ಸ್ಥಾನ ಇದ್ದರೆ ಮಕ್ಕಳು 89.97ರಲ್ಲೇ ಒದ್ದಾಡ್ತಾರೆ. ರೌಂಡಿಂಗ್ ಸೊನ್ನೆಗೆ ಇಳಿಸಿ.

ಮಳೆಗಾಲದಲ್ಲಿ ಕರೆಂಟು ಹೋದರೆ ಹೆದರಬೇಡಿ. ರಟ್ಟಿನ ಮೇಲೆ ಎರಡು ಗುಂಡುಸೂಜಿ ಚುಚ್ಚಿ, ಮೂಲೆಮಟ್ಟದ 90ರ ಮೂಲೆಯನ್ನು ಅವುಗಳ ನಡುವೆ ತೂರಿಸಿ. ಎರಡು ಅಂಚೂ ಸೂಜಿಗೆ ತಾಗಿರಬೇಕು. ಹಾಗೇ ಜರುಗಿಸುತ್ತಾ ಮೂಲೆ ಇದ್ದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿಸಿ. ಅದೇ ಪಾಠ. ನನ್ನ ಕೇಳಿದರೆ ಎರಡನ್ನೂ ಮಾಡಿಸಬೇಕು. ಪರದೆಯ ಮೇಲೆ ಕಂಡದ್ದು ಕಂಪ್ಯೂಟರಿನ ಮಾಯೆ ಅಂತ ಅಂದುಕೊಳ್ಳುವ ಮಕ್ಕಳೂ ಇರ್ತಾರೆ.

ಹೊಸಂಗಡಿಯ ವಿಜ್ಞಾನ ಟೀಚರ್

ಮಾಸ್ಟ್ರು ಹೇಳಿದ್ದು ಸರಿ, ಆದರೆ ವಿಡಿಯೋ ಪೂರ್ತಿ ಬಿಡುವುದು ಯಾಕೆ? ನನ್ನ ವಿಷಯದಲ್ಲಿ ಹೃದಯ ಬಡಿಯುವುದನ್ನು ಬೋರ್ಡಿನಲ್ಲಿ ತೋರಿಸಲಿಕ್ಕೆ ಆಗುತ್ತದಾ?

ನಾನು ಶಬ್ದ ತೆಗೆದು ಹಾಕುತ್ತೇನೆ. ಎರಡು ನಿಮಿಷದ ತುಂಡು ಸಾಕು. ಮೊದಲ ಸಲ ಸುಮ್ನೆ ನೋಡುವುದು. ಎರಡನೆಯ ಸಲ ಒಬ್ಬ ಎದ್ದು ನಿಂತು ಕ್ರಿಕೆಟ್ ಕಾಮೆಂಟರಿ ಹಾಗೆ ಹೇಳಬೇಕು. ತುಳುವಿನಲ್ಲಿ ಹೇಳಲಿ, ಬ್ಯಾರಿಯಲ್ಲಿ ಹೇಳಲಿ, ನನಗೆ ಅಡ್ಡಿಯಿಲ್ಲ. 'ಕವಾಟ ಈಗ ಮುಚ್ಚಿತು, ರಕ್ತ ಹಿಂದೆ ಬರುವ ಹಾಗಿಲ್ಲ' ಅಂತ ಅವರ ಬಾಯಲ್ಲೇ ಬರುತ್ತದೆ. ತಪ್ಪಿದರೆ ಉಳಿದವರು ಬಿಡುತ್ತಾರಾ? ಆಮೇಲೆ ಪುಸ್ತಕದ ಕನ್ನಡದಲ್ಲಿ ಬರೆಸುತ್ತೇನೆ. ಮಲಯಾಳ ವಿಡಿಯೋ ಆದರೂ ಆಯ್ತು, ಇಂಗ್ಲಿಷ್ ಆದರೂ ಆಯ್ತು.

ವಿದ್ಯುತ್ ಮಂಡಲಕ್ಕೆ ಫೆಟ್ ಸಿಮ್ಯುಲೇಶನ್ (ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ಪ್ರೋಗ್ರಾಂ) ಚೆನ್ನಾಗಿದೆ, ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ. ಸ್ವಿಚ್ ಒತ್ತುವ ಮೊದಲು ಕೈ ಎತ್ತಿಸಿ: ಒಂದು ಬಲ್ಬ್ ತೆಗೆದರೆ ಇನ್ನೊಂದು ಉರಿಯುತ್ತದಾ ಇಲ್ವಾ? ಮೊದಲು ಪಂಥ, ಆಮೇಲೆ ಸ್ವಿಚ್.

ಪೈವಳಿಕೆಯ ಒಬ್ಬ ಅಪ್ಪ

ನಾನು ಟೀಚರ್ ಅಲ್ಲ, ಮಗಳು ಒಂಬತ್ತನೆಯಲ್ಲಿದ್ದಾಳೆ. ಒಂದು ವಿನಂತಿ. ವಾಟ್ಸಾಪ್ ಗ್ರೂಪಿಗೆ ವಿಡಿಯೋ ಲಿಂಕ್ ಸುರಿಯಬೇಡಿ ಮಾರಾಯ್ರೇ. ನಮ್ಮ ಮನೆಯಲ್ಲಿ ಇರುವುದು ಒಂದೇ ದೊಡ್ಡ ಫೋನು, ಅದು ನನ್ನ ಜೊತೆ ಕೆಲಸಕ್ಕೆ ಹೋಗ್ತದೆ. ರಾತ್ರಿ ತಂದು ಕೊಟ್ಟರೆ ಮನೆಯೊಳಗೆ ರೇಂಜ್ ಇಲ್ಲ, ಅಂಗಳದ ಮೂಲೆಗೆ ಹೋಗಿ ನಿಲ್ಲಬೇಕು. ಬೋರ್ಡಿನ ಒಂದು ಫೋಟೋ ಹಾಕಿ, ಕೆಳಗೆ ಒಂದೇ ಪ್ರಶ್ನೆ ಬರೆಯಿರಿ. ಅದಾದರೆ ಕೂಡಲೇ ತೆರೆಯುತ್ತದೆ, ಅವಳು ಉತ್ತರವನ್ನೂ ಬರೀತಾಳೆ.

ಬದಿಯಡ್ಕದ ಗಣಿತ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಸ್ಟ್ರೇ, ಮನೆಯಲ್ಲಿ ಮಾಡಿ ನೋಡಿದೆ, ನೀವು ಹೇಳಿದ ಹಾಗೇ 270 ಬಂತು, ಸರಿಮಾಡಿದೆ. ಬಿಂದುಗಳು ಉರುಟಾಗುವುದು ನೋಡಲಿಕ್ಕೇ ಚೆಂದ. ಪೈವಳಿಕೆಯವರೇ, ಲಿಂಕ್ ಕಳಿಸುವುದು ಇಂದಿನಿಂದ ಬಂದ್.

ಒಂದು ಸಂಶಯ. ಮೌಸ್ ಹಿಡಿಯಲಿಕ್ಕೆ ಯಾವಾಗಲೂ ಮುಂದಿನ ಬೆಂಚಿನ ಅದೇ ನಾಲ್ಕು ಮಂದಿ ಓಡಿ ಬರ್ತಾರೆ. ಹಿಂದಿನವರು ಏಳುವುದೇ ಇಲ್ಲ. ಅವರನ್ನು ಎಬ್ಬಿಸುವುದು ಹೇಗೆ?

ಮಂಜೇಶ್ವರದ ನಿವೃತ್ತ ಮಾಸ್ಟ್ರು

ಎಬ್ಬಿಸಬೇಡಿ ಟೀಚರ್. ವಯರ್ ಇಲ್ಲದ ಮೌಸ್ ಒಂದು ತಗೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗ್ತದೆ. ಅದನ್ನು ಹಿಂದಿನ ಬೆಂಚಿಗೇ ಮೊದಲು ಕೊಡಿ, ಪುಸ್ತಕದ ಮೇಲೆ ಇಟ್ಟು ಆಡಿಸಲಿ, ಆಮೇಲೆ ಕೈಯಿಂದ ಕೈಗೆ ಮುಂದೆ ಬರಲಿ. ಕ್ಲಾಸು ದೊಡ್ಡದಾದರೆ ಸಿಗ್ನಲ್ ಮುಟ್ಟುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಬ್ಯಾಟರಿ ಒಂದು ಜಾಸ್ತಿ ಇರಲಿ.