ಸಹಾಯ ಬೇಕು: ಬಲಕ್ಕೆ ಬಾಗುವ ಹೃದಯ ಎಡಕ್ಕೆ ಬರುವುದು ಹೇಗೆ?

ನಮಸ್ಕಾರ. ಯಾದಗಿರಿಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಭ್ರೂಣದ ಹೃದಯದ ಪಾಠದಲ್ಲಿ ನಾಲ್ಕು ದಿನಗಳಿಂದ ಸಿಕ್ಕಿಕೊಂಡಿದ್ದೇನೆ. ಮುಂದೆ ಹೃದಯವಾಗುವ ಎರಡು ಕೊಳವೆಗಳು ಕೂಡಿ ಒಂದಾಗುವುದು, ಗರ್ಭ ಕಟ್ಟಿದ ಸುಮಾರು 22ನೇ ದಿನ ಬಡಿತ ಆರಂಭವಾಗುವುದು ತಿಳಿಯಿತು. ಇನ್ನೂ ನಾಲ್ಕು ಕೋಣೆಗಳೇ ಆಗದ ಕೊಳವೆ ಬಡಿಯುತ್ತದೆ ಎಂದು ಓದಿದಾಗ ಮೈ ಜುಮ್ಮೆಂದಿತು!

ತೊಡಕು ಮುಂದಿನದು. ಉದ್ದ ಬೆಳೆಯುವ ಕೊಳವೆ ಬಲಕ್ಕೆ ಬಾಗುತ್ತದೆ, ಕೆಳಗಿದ್ದ ಹೃತ್ಕರ್ಣದ (ಮುಂದೆ ಹೃದಯದ ಮೇಲಿನ ಕೋಣೆಗಳಾಗುವ) ಭಾಗ ಹಿಂದಕ್ಕೆ, ಮೇಲಕ್ಕೆ ಸರಿಯುತ್ತದೆ. ಅವ್ವ ರೊಟ್ಟಿಗೆ ನಾದಿದ್ದ ಜೋಳದ ಹಿಟ್ಟಿನಲ್ಲಿ ಮಾಡಿ ನೋಡಿದೆ, ಬಿರಿಯಿತು. ಗೋಧಿ ಕಣಕದಲ್ಲಿ ಚೆನ್ನಾಗಿ ಬಾಗಿತು, ಆದರೆ ಉಬ್ಬು ಬಲಕ್ಕೇ ಉಳಿಯಿತು. ನಮ್ಮ ಹೃದಯದ ತುದಿ ಎಡಕ್ಕಿದೆಯಲ್ಲ! ವಿಡಿಯೊಗಳಲ್ಲಿ ಆ ಹಂತ ಸರ್ರನೆ ಮುಗಿದುಹೋಗುತ್ತದೆ.

ಬಲಕ್ಕೆ ಬಾಗಿದ ಮೇಲೆ ತುದಿ ಎಡಕ್ಕೆ ತಿರುಗುವುದು ಯಾವ ಹಂತದಲ್ಲಿ, ಯಾವ ಭಾಗದ ಬೆಳವಣಿಗೆಯಿಂದ? ಕಣಕದಲ್ಲಿ ಮಾಡಿ ನೋಡಬಹುದಾದಂತೆ ಯಾರಾದರೂ ಬಿಡಿಸಿ ಹೇಳುವಿರಾ?